ತಮ್ಮನ ನಮಸ್ಕಾರ

ಕೊಡಗಿನಲ್ಲಿ ಇನ್ನೂ ಬಿಳಿ ದೊರೆಗಳ ದರ್ಬಾರು ನಡೆಯುತ್ತಿದ್ದ ಕಾಲ. ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ಲೆಕ್ಕಪತ್ರ ಬರೆಯುವ ರೈಟರ್. ಆಗೆಲ್ಲ ಎಷ್ಟು ಚೆನ್ನಾಗಿತ್ತು ಎಂದು ನನ್ನ ಓರಗೆಯವರು ಬರೆಯುವುದನ್ನು ಓದುತ್ತೇನೆ. ಚೆನ್ನಾಗಿಯೇ ಇತ್ತು. ಹೂಮಳೆ ಬಿದ್ದ ಎಂಟು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ, ಆ ಘಮ ನಮ್ಮ ಅಡುಗೆಮನೆಯ ಕಡುಬಿನ ಹಬೆಯೊಳಕ್ಕೂ ನುಗ್ಗುತ್ತಿತ್ತು. ಆದರೆ ಕಾಫಿ ಹೂವಿನ ವಾಸನೆ ಬಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಆ ವರ್ಷ ನನಗೆ ಒಂಬತ್ತು, ತಮ್ಮನಿಗೆ ಆರು ತಿಂಗಳು. ತಾತ ತೀರಿಕೊಂಡ ಮರುವರ್ಷ ಹುಟ್ಟಿದವನೆಂದು ತಾತನ ಹೆಸರನ್ನೇ ಇಟ್ಟಿದ್ದರು. ಅವನನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಅಳಗುಳಿ ಮಣೆಯ ಹುಣಸೆಬೀಜ ಕುಲುಕಿದರೆ ಸಾಕು, ಕೇಕೆ ಹಾಕಿ ನಗುತ್ತಿದ್ದ.

ತೋಟ ಹೂಬಿಟ್ಟಿದ್ದ ಒಂದು ಸಂಜೆ ನಿದ್ದೆಯಿಂದೆದ್ದವನನ್ನು ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ದೀಪದ ಮುಂದೆ ಕುಳಿತಿದ್ದಳು. ತಮ್ಮ ಥಟ್ಟನೆ ಎರಡೂ ತೋಳು ಚಾಚಿ ತಲೆ ಬಗ್ಗಿಸಿದ. ತುಸು ಬಿಟ್ಟು ಮತ್ತೆ. ಹೀಗೆ ಏಳೆಂಟು ಸಲ.

"ನಮ್ಮ ಯಜಮಾನ್ರೇ ಬಂದವ್ರೆ ಕಣ್ರೇ. ದೀಪಕ್ಕೆ ನಮಸ್ಕಾರ ಮಾಡ್ತಾವ್ರೆ," ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಮಾರನೆಯ ದಿನದಿಂದ ಅದನ್ನು ನೋಡಲು ನೆಂಟರಿಷ್ಟರು ಬರತೊಡಗಿದರು. ಬಂದವರಿಗೆಲ್ಲ ಬೆಲ್ಲದ ಕಾಫಿ. ಮಲಗಿದ್ದ ಕೂಸನ್ನು ಎಬ್ಬಿಸಿ ತರುವವಳು ನಾನು. ಎದ್ದ ಕೂಡಲೇ ಬಗ್ಗುತ್ತಾನೆ ಎಂದು ಕಂಡುಹಿಡಿದವಳೂ ನಾನೇ. ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಆ ಪಾಪದಲ್ಲಿ ನನಗೂ ಪಾಲಿದೆ.

ಎರಡು ವಾರವಾಗುವುದರೊಳಗೆ ನನಗೆ ಹೆದರಿಕೆ ಹುಟ್ಟಿತು. ದೀಪವೇ ಇಲ್ಲದ ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ಹಿಡಿದುಕೊಂಡರೂ ಬಗ್ಗುತ್ತಿದ್ದ. ಅದು ಮುಗಿದ ಮೇಲೆ ಯಾರೋ ಚಿವುಟಿದ ಹಾಗೆ ಅಳುತ್ತಿದ್ದ. ಹುಣಸೆಬೀಜ ಕುಲುಕಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಅಜ್ಜಿಗೆ ಹೇಳಿದೆ, ದೇವರ ವಿಷಯಕ್ಕೆ ಬಾಯಿ ಹಾಕುತ್ತೀಯಾ ಎಂದು ತಲೆಗೆ ಮೊಟಕಿದಳು. ಅವ್ವನಿಗೆ ಹೇಳಿದೆ. ಫಿಟ್ಸಾದರೆ ಕಣ್ಣು ಮೇಲಾಗಿ ಬಾಯಲ್ಲಿ ನೊರೆ ಬರುತ್ತದೆ, ಇವನಿಗೆ ಅದೇನೂ ಇಲ್ಲವಲ್ಲ ಎಂದವಳು, ಅಜ್ಜಿ ಬಂದದ್ದನ್ನು ಕಂಡು ಒಲೆಯ ಕಡೆ ತಿರುಗಿದಳು. ಅಪ್ಪನೋ, ದೊರೆಯ ಕುದುರೆ ಕೆಮ್ಮಿದರೆ ಮಡಿಕೇರಿಗೆ ಆಳು ಓಡಿಸುತ್ತಿದ್ದ ಮಹಾನುಭಾವ, ನಕ್ಕುಬಿಟ್ಟ.

ಮಳೆಗಾಲ ಹಿಡಿಯಿತು. ತಮ್ಮನ ಕತ್ತು ನಿಲ್ಲದಂತಾಯಿತು. ಆಗ ಎಚ್ಚೆತ್ತು ಮಡಿಕೇರಿಯ ಡಾಕ್ಟರ ಬಳಿ ಹೊತ್ತೊಯ್ದರು. ಕೂಸನ್ನು ಎತ್ತಿಕೊಳ್ಳಲು ನಾನೂ ಹೋದೆ. ಅಲ್ಲಿ ಅವ್ವನ ತೊಡೆಯ ಮೇಲೆ ಎಚ್ಚರಗೊಂಡ ತಮ್ಮ ಬಗ್ಗತೊಡಗಿದ. ಹೀಗೇ ನಮಸ್ಕಾರ ಮಾಡುತ್ತಾನೆ ಎಂದಳು ಅವ್ವ. ಡಾಕ್ಟರು ಗಡಿಯಾರ ಹಿಡಿದು ಕೊನೆಯವರೆಗೂ ನೋಡಿದರು.

"ಇದು ನಮಸ್ಕಾರ ಅಲ್ಲಮ್ಮ, ಸೆಳೆತ. ಮಿದುಳಿನ ಕಾಯಿಲೆ. ಯಾವಾಗಿಂದ ಹೀಗೆ?"

"ನಾಲ್ಕೈದು ದಿನ ಆಯ್ತು ಸ್ವಾಮಿ," ಎಂದ ಅಪ್ಪ.

"ಸುಳ್ಳು. ಕಾಫಿ ಹೂ ಬಿಟ್ಟಾಗಿಂದ," ಎಂದೆ ನಾನು.

ಡಾಕ್ಟರು ಅಪ್ಪನನ್ನೇ ದಿಟ್ಟಿಸಿ ನೋಡಿದರು. ಯಾವುದೋ ಪುಡಿ ಕೊಟ್ಟರು, ಗುಣವಾಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಹೊರಗೆ ಬಂದವನೇ ಅಪ್ಪ ನನ್ನ ಕೆನ್ನೆಗೆ ಬಾರಿಸಿದ. ಕೂಸು ಹಾಳಾಯಿತೆಂಬ ಸಂಕಟಕ್ಕಲ್ಲ, ಡಾಕ್ಟರ ಮುಂದೆ ಅವನ ಮಾನ ತೆಗೆದೆನಂತೆ!

ಅಂದಿನಿಂದ ಅಜ್ಜಿ ತಮ್ಮನನ್ನು ತಾತನ ಹೆಸರಿನಿಂದ ಕರೆಯುವುದನ್ನೇ ಬಿಟ್ಟಳು. ನೆಂಟರು ಬಂದರೆ ಅವನನ್ನು ಒಳಕೋಣೆಗೆ ಹಾಕಿ ಬಾಗಿಲು ಎಳೆಯುತ್ತಿದ್ದರು. ಜೊತೆಗೆ ನಾನು ಕುಳಿತಿರುತ್ತಿದ್ದೆ.

ಆಗ ಅದಕ್ಕೆ ಸರಿಯಾದ ಮದ್ದೇ ಇರಲಿಲ್ಲ, ಬೇಗ ಹೋಗಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ ಎಂದು ಈಚೆಗೆ ಒಬ್ಬ ಡಾಕ್ಟರು ನನಗೆ ಸಮಾಧಾನ ಹೇಳಿದರು. ಇರಬಹುದು. ಯಾರಿಗೆ ಬೇಕು ಆ ಸಮಾಧಾನ? ನೋಡಿ ಎಂದು ಕೂಗಿಕೊಂಡಾಗ ಒಬ್ಬರಾದರೂ ತಿರುಗಿ ನೋಡಬಹುದಿತ್ತು. ತಮ್ಮ ಹನ್ನೊಂದು ವರ್ಷ ಬದುಕಿದ. ಉಣಿಸಿದ್ದು, ತೊಳೆದದ್ದು, ಹೊತ್ತದ್ದು ನಾನು. ನಾನು ಅವನ ಅಕ್ಕ ಎಂಬುದು ಅವನಿಗೆ ಗೊತ್ತಿದ್ದದ್ದು ಆ ಮೊದಲ ಆರು ತಿಂಗಳು ಮಾತ್ರ.