ತೋಳಿನ ಕಡ್ಡಿ, ಲ್ಯಾಬಿನ ಅಕ್ಕ

ಸ್ಪಿರಿಟ್ ತಾಗಿ ತಾಗಿ ಅವರ ಬಲಗೈಯ ಹೆಬ್ಬೆರಳು ಬೆಳ್ಳಗೆ ಸುಕ್ಕಾಗಿತ್ತು. ಆ ಬೆರಳಿನಿಂದ ಎರಡು ಸಲ ಒತ್ತಿದರೆ ಎಂಥ ಅಡಗಿದ ನರವೂ ಸಿಗುತ್ತಿತ್ತು. ದರ್ಬೆ ಪೇಟೆಯ ಆ ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವರೊಬ್ಬರೇ. ಬಂದವರಿಗೆಲ್ಲ ಅಕ್ಕ, ನನಗೂ ಅಕ್ಕ.

ನನಗೆ ಮೂರು ಹೆಣ್ಣುಮಕ್ಕಳು, ಮೂರೂ ಆಪರೇಷನ್ ಹೆರಿಗೆ. ಇನ್ನೊಂದು ಬಸಿರು ಜೀವಕ್ಕೇ ಅಪಾಯ ಎಂದು ಡಾಕ್ಟರು ಎಡತೋಳಿನ ಚರ್ಮದಡಿ ಬಸಿರು ತಡೆಯುವ ಹಾರ್ಮೋನಿನ ಸಣ್ಣ ಕಡ್ಡಿ ಇಟ್ಟಿದ್ದರು. ದುಬೈಯಲ್ಲಿದ್ದ ಗಂಡನಿಗೆ ಗೊತ್ತಿತ್ತು. ಮೊಮ್ಮಗನಿಗಾಗಿ ಕಾಯುತ್ತಿದ್ದ ಅತ್ತೆಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ನನ್ನ ಹೆತ್ತ ಉಮ್ಮ ಎದೆನೋವಿನಿಂದ ಬೇಗ ತೀರಿಕೊಂಡವರು. ಹಾಗಾಗಿ ಹಾರ್ಮೋನಿನಿಂದ ಏರುತ್ತದೋ ಎಂದು ವರ್ಷಕ್ಕೊಮ್ಮೆ ನನ್ನ ರಕ್ತದ ಕೊಬ್ಬು ನೋಡಿಸಬೇಕಿತ್ತು, ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇಟ್ಟು.

ಒಂದು ವರ್ಷ ಅದು ರಂಜಾನಿನಲ್ಲಿ ಬಂತು. ಬೆಳಗಿನ ಜಾವ ಸಹರಿಯ ಊಟಕ್ಕೆ ಕೂರದಿದ್ದರೆ ಅತ್ತೆ ಕಾರಣ ಕೇಳುತ್ತಾರೆ; ಪರೀಕ್ಷೆ ಎಂದರೆ ಕಡ್ಡಿಯ ವಿಷಯವೂ ಹೊರಬರುತ್ತದೆ. ತುಪ್ಪ ಸವರಿದ ಪತ್ತಿರ್ ರೊಟ್ಟಿ, ಮಾಂಸದ ಸಾರು ತಿಂದೆ. ಎಂಟಕ್ಕೆ ಲ್ಯಾಬಿಗೆ ಹೋಗಿ, ರಾತ್ರಿಯಿಂದ ಏನೂ ತಿಂದಿಲ್ಲ ಎಂದೆ.

ಯಂತ್ರದಲ್ಲಿ ತಿರುಗಿಸಿದ ಟ್ಯೂಬನ್ನು ಅಕ್ಕ ಕಿಟಕಿಗೆ ಹಿಡಿದರು. ರಕ್ತದ ಮೇಲೆ ನಿಲ್ಲುವ ತಿಳಿ ಹಳದಿ ನೀರು ಹಾಲಿನಂತೆ ಬಿಳಿಯಾಗಿತ್ತು. ಅದು ಕೊಬ್ಬು ಎಂದರು ಅಕ್ಕ; ನಾನು ಎಡತೋಳು ಮುಟ್ಟಿಕೊಂಡೆ.

“ಕಡ್ಡಿಯಿಂದಲೇ ಏರಿದ್ದಾ ಅಕ್ಕಾ? ಇವತ್ತೇ ತೆಗೆಸಿಬಿಡ್ತೇನೆ.”

“ಕಡ್ಡಿಗೆ ಸುಮ್ಮನೆ ಬೈಬೇಡಿ ಮಾರಾಯ್ತಿ. ಬೆಳಿಗ್ಗೆ ಎಂತ ತಿಂದದ್ದು?”

ಹೇಳಿದೆ. ಅವರು ಗದರಲಿಲ್ಲ. “ಸಂಜೆ ಐದೂವರೆಗೆ ಬನ್ನಿ, ತಿಂದು ಹನ್ನೆರಡು ಗಂಟೆ ಆಗಿರ್ತದೆ. ನಾನು ಬಾಗಿಲು ಹಾಕುದಿಲ್ಲ. ಮನೆಯಲ್ಲಿ ನನ್ನನ್ನು ಕಾಯುವವರು ಯಾರುಂಟು?”

ಹಣ್ಣು ತರುವ ನೆಪ ಹೇಳಿ ಹೋದೆ. ರಕ್ತ ತೆಗೆದು, ಎರಡು ಖರ್ಜೂರ ಕಾಗದದಲ್ಲಿ ಸುತ್ತಿ ಕೈಗಿಟ್ಟರು. “ಬಸ್ಸಿನಲ್ಲೇ ಮಸೀದಿಯ ಬಾಂಗ್ ಆದರೆ ಬಾಯಿಗೆ ಹಾಕಿ. ಇನ್ನು ನನ್ನತ್ರ ಸುಳ್ಳು ಹೇಳುದು ಬೇಡ.” ಈ ಸಲ ಕೊಬ್ಬು ಸರಿಯಿತ್ತು. ಡಾಕ್ಟರು ನೋಡಿ, ಕಡ್ಡಿ ಇರಲಿ ಎಂದರು.

ಅತ್ತೆಯ ಶುಗರ್ ನೋಡುತ್ತಿದ್ದವರೂ ಅಕ್ಕನೇ. ನಾನು ಜೊತೆಗೆ ಹೋದ ಒಂದೆರಡು ಸಲವೂ ನನ್ನ ಗುಟ್ಟು ಕಾಯಲು, “ಇವರು ನಿಮ್ಮ ಸೊಸೆಯಾ?” ಎಂದು ಹೊಸದಾಗಿ ಕಂಡವರಂತೆ ಕೇಳುತ್ತಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ಇಲ್ಲದ ನನ್ನವರೊಬ್ಬರು ಆ ಲ್ಯಾಬಿನಲ್ಲಿದ್ದರು.

ಕಳೆದ ತಿಂಗಳು ಪೇಪರಿನಲ್ಲಿ ಅವರ ಫೋಟೋ ಬಂತು. ಸಂಪಾಜೆಯ ತಂಗಿಯ ಮನೆಯಲ್ಲಿ ತೀರಿಕೊಂಡರಂತೆ. ಅತ್ತೆ ಕನ್ನಡಕ ಸರಿಮಾಡಿ ನೋಡಿ, “ಪಾಪ, ಒಳ್ಳೆ ಹೆಂಗಸು. ನೀನೂ ಒಂದೆರಡು ಸಲ ನೋಡಿದ್ದಿ ಅಲ್ವಾ?” ಎಂದರು.

“ಹೌದು, ಒಂದೆರಡು ಸಲ,” ಎಂದೆ.

ಒಂದೆರಡು ಸಲ ನೋಡಿದವರಿಗಾಗಿ ಯಾರೂ ಅಳುವುದಿಲ್ಲ. ಪೇಪರು ಮಡಚಿಟ್ಟು ಅಡುಗೆಮನೆಗೆ ಹೋದೆ.