ಚಪ್ಪಲಿ ಬಚ್ಚಿಟ್ಟವರು

"ಹೌದಕ್ಕಾ, ಶಾಲಿ ಬಿಟ್ಟವ ನಾನು, ನನಗೇನ ತಿಳೀತೈತಿ? ಆದ್ರ ನಿನ್ನ ಚಪ್ಪಲಿ ಜೋಳದ ಚೀಲದಾಗ ಯಾಕ ಅದಾವ, ಹೇಳು!"

ಬೆಟಗೇರಿಯ ಅಕ್ಕನ ಮನೆಯಲ್ಲಿ ಗಂಡ ಹೆಂಡತಿಯ ಜಗಳ ಬೆಳಿಗ್ಗೆಯೇ ಶುರುವಾಗಿತ್ತು. ಮಗಳು ಪುಟ್ಟಿ ಚೀಲ ತಬ್ಬಿಕೊಂಡು ಕೂತಿದ್ದಳು.

"ಆಟ ಆಡ್ಯಾಳ ಬಿಡಲೇ. ಸಣ್ಣ ಕೂಸು, ಅದಕ್ಕೇನ ತಿಳೀತೈತಿ?" ಎಂದಳು ಅಕ್ಕ.

ಇದೇ ಮಾತು ನಮ್ಮೂರು ಹರ್ತಿಯಲ್ಲಿ ನಮ್ಮಜ್ಜಿಯೂ ನನ್ನ ಬಗ್ಗೆ ಆಡುತ್ತಿದ್ದಳು. ಅಪ್ಪ ಕೈ ಎತ್ತಿದಾಗಲೆಲ್ಲ ಅವ್ವ, "ತವರಮನಿಗೆ ಹೋಗ್ತೀನಿ" ಅನ್ನುತ್ತಿದ್ದಳು. ನಾನು ಓಡಿಹೋಗಿ ಅವಳ ಚಪ್ಪಲಿಯನ್ನು ಜೋಳದೊಳಗೆ ಹೂಳುತ್ತಿದ್ದೆ. ಚಪ್ಪಲಿ ಇಲ್ಲದೆ ಹೇಗೆ ಹೋದಾಳು ಎಂದುಕೊಂಡಿದ್ದೆ. ಒಂದು ದಿನ ಬರಿಗಾಲಲ್ಲೇ ಹೋದಳು. ಮತ್ತೆ ಬರಲಿಲ್ಲ. ಆಮೇಲೆ ಶಾಲೆಯಲ್ಲಿ ಕೂತರೆ, ಇವತ್ತು ಮನೆಯಿಂದ ಯಾರು ಹೋಗುತ್ತಾರೋ ಎಂಬುದೇ ಚಿಂತೆ. ಪಾಠದ ನಡುವೆ ಎದ್ದು ಮನೆಗೆ ಓಡುತ್ತಿದ್ದೆ. ಶಾಲೆ ಬಿಟ್ಟದ್ದು ಹಾಗೆ.

"ಅಕ್ಕಾ, ನೀನೂ ಅಲ್ಲೇ ಇದ್ದಿ. ಮರ್ತಿಯೇನ?"

ಅವಳ ಗಂಡ ಬಾಗಿಲು ತೋರಿಸಿದ. "ನಮ್ಮನಿ ವಿಷಯಕ್ಕ ನೀ ಬರಬ್ಯಾಡ. ನಡೀಲೇ ಹೊರಗ!"

ಹೊಸ್ತಿಲ ಬಳಿ ನನ್ನ ಚಪ್ಪಲಿಯೂ ಇರಲಿಲ್ಲ. ಪುಟ್ಟಿ ಚೀಲವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬರಿಗಾಲಲ್ಲೇ ಹೊರಬಿದ್ದು, ಬಾಗಿಲನ್ನು ದಢಾರನೆ ಎಳೆದು ಮುಚ್ಚಿದೆ.