ಗೋಣಿಚೀಲದ ಆಲೂಗಡ್ಡೆ

ಗೆಳತಿಯರೇ, ಇವತ್ತು ಬೆಳಿಗ್ಗೆ ಮನೆ ಒಡತಿ ಪದ್ದಮ್ಮ ನಮ್ಮ ಹಿತ್ತಿಲಿಗೆ ದಾಳಿಯಿಟ್ಟರು. ತೀರ್ಥಹಳ್ಳಿಯ ಈ ಬಾಡಿಗೆ ಮನೆಯ ಹಿತ್ತಿಲೆಂದರೆ ಬಟ್ಟೆ ಒಗೆಯುವ ಕಲ್ಲಿನಷ್ಟೇ ಜಾಗ. ಅದಕ್ಕೇ ನಾನು ಸೊಸೈಟಿಯಿಂದ ತಂದ ಎರಡು ಗೋಣಿಚೀಲಗಳಿಗೆ ಮಣ್ಣು ತುಂಬಿ, ಗೋಡೆಗೆ ಒರಗಿಸಿಟ್ಟು ಆಲೂಗಡ್ಡೆ ನೆಟ್ಟಿದ್ದೆ.

“ಎಂತ ಮಾರಾಯ್ತಿ ಇದು? ಮಣ್ಣಿನ ಗೋಡೆ ಥಂಡಿ ಹಿಡೀತದೆ, ಈಗ್ಲೇ ಸುರಿ!”

“ಹದಿನೈದು ದಿನ ಇರ್ಲಿ ಅಮ್ಮ, ಗಡ್ಡೆ ಬಲೀಬೇಕು” ಎಂದು ಬೇಡಿಕೊಂಡೆ. ಕೇಳಲಿಲ್ಲ. ಒಂದು ಚೀಲ ಮಗುಚಿದೆ. ಮಣ್ಣಿನ ಜೊತೆ ನಿಂಬೆಗಾತ್ರದ ಗಡ್ಡೆಗಳು ಉರುಳಿದವು. ಪದ್ದಮ್ಮ ಕುಕ್ಕರಗಾಲಲ್ಲಿ ಕೂತು ಒಂದೂ ಬಿಡದೆ ಸೆರಗಿಗೆ ಹಾಕಿಕೊಂಡರು.

“ಇನ್ನೊಂದು ಚೀಲಾನೂ ಸುರೀಲಾ?” ಎಂದೆ.

“ಛೆ! ಎಳೇದನ್ನ ಯಾರಾದ್ರೂ ಕೀಳ್ತಾರಾ? ಬೆಳೆ ವಿಚಾರ ನಿಂಗೆ ಏನೂ ಗೊತ್ತಿಲ್ಲ!” ಎಂದು ನನ್ನನ್ನೇ ಗದರಿ ಹೊರಟರು.

ಈಗ ಅವರ ಅಡುಗೆಮನೆಯಿಂದ ಒಗ್ಗರಣೆಯ ಘಮ ಬರುತ್ತಿದೆ. ನನ್ನ ಬೆಳೆ ಚೆನ್ನಾಗಿಯೇ ಬೆಂದಿರಬೇಕು.